ಮಗ್ಗದ ಕುಣಿ ಮತ್ತು ಅರಿವಿ ಉಂಡಿ

ಮೊನ್ನೆ ಹಿರೇವಡ್ಡಟ್ಟಿಯಲ್ಲಿ ಒಂದು ಹೊಲದ ಬದುವಿನ ಮೇಲೆ ನಿಂತಿದ್ದೆ. ಮಳೆ ನೀರು ನಿಂತು ಹೊಲ ಜವಳು ಹಿಡಿಯುತ್ತಿದೆ, ಬಸಿಗಾಲುವೆ ತೋಡಿಸಿಕೊಡಿ ಎಂದು ಅಲ್ಲಿನವರು ಅರ್ಜಿ ಕೊಟ್ಟಿದ್ದರು. ಮಟ್ಟ ನೋಡಿಕೊಂಡು ಬರಲು ಹೋದದ್ದು. ಹೊಲದ ಯಜಮಾನ ಬದುವಿನೊಳಗಿನ ಪೈಪಿಗೆ ಕೈ ಹಾಕಿ, ಅದರ ಬಾಯಿಗೆ ತುರುಕಿದ್ದ ಹಳೆಯ ಸೀರೆಯ ಮುದ್ದೆಯೊಂದನ್ನು ಎಳೆದು ತೆಗೆದ.

"ಇದನ್ನ ತುರುಕಲಿಲ್ಲಂದ್ರ ಮಗ್ಗಲ ಹೊಲದ ನೀರೆಲ್ಲಾ ನಮ್ಮ ಹೊಲಕ್ಕ ಬರ್ತಾವ್ರೀ ಸಾಹೇಬ್ರ" ಎನ್ನುತ್ತ ಅದನ್ನು ನನ್ನೆದುರೇ ಹಿಂಡಿದ. ನೆಂದು ಕೊಳೆತ ಹತ್ತಿಬಟ್ಟೆಯ ಹುಳಿ ವಾಸನೆ ಮೂಗಿಗೆ ಬಡಿಯಿತು. ಅವನು ಇನ್ನೂ ಏನೇನೋ ಹೇಳುತ್ತಿದ್ದ, ನಾನು ಹೂಂ ಹೂಂ ಎನ್ನುತ್ತಿದ್ದೆ, ಒಂದೂ ತಲೆಗೆ ಹೋಗಲಿಲ್ಲ. ಜೀಪು ಹತ್ತಿದವನು ಡ್ರೈವರ್‌ಗೆ, "ಆಫೀಸಿಗೆ ಬ್ಯಾಡ, ಬೆಟಗೇರಿಗೆ ನಡಿ" ಎಂದೆ. ಮೂರು ವರ್ಷದಿಂದ ಹೇಳಬೇಕೆಂದುಕೊಂಡು ಹೇಳದೇ ಬಿಟ್ಟ ಮಾತನ್ನು ಇವತ್ತು ನನ್ನ ಸೋದರತ್ತೆಗೆ ಹೇಳಿಯೇ ಬಿಡಬೇಕು ಎಂದು ಮುಂಡರಗಿ ದಾಟುವ ಹೊತ್ತಿಗೆ ನಿರ್ಧರಿಸಿದ್ದೆ. ಗದಗ ಬರುವ ಹೊತ್ತಿಗೆ ಆ ನಿರ್ಧಾರ ಅರ್ಧ ಕರಗಿತ್ತು. ನಾನು ಅಂಥವನೇ.

ನಾನು ನೀರಿನ ಇಂಜಿನಿಯರ್. ಮಳೆ ನೀರು ಎಲ್ಲಿ ಹುಟ್ಟಿ ಯಾವ ಓಣಿ ಹಾದು ಎಲ್ಲಿ ಹೋಗಿ ಸೇರಬೇಕು ಎಂದು ಕಾಗದದ ಮೇಲೆ ಗೆರೆ ಎಳೆಯುವುದು ನನ್ನ ಕೆಲಸ. ಹುಟ್ಟಿದ್ದು ಬೆಟಗೇರಿಯ ನೇಕಾರರ ಓಣಿಯಲ್ಲಿ, ಕುಣಿಮಗ್ಗದ ಮನೆಯಲ್ಲಿ. ಕುಣಿಮಗ್ಗವೆಂದರೆ ನೆಲದಲ್ಲಿ ಸೊಂಟದುದ್ದ ಕುಣಿ ತೋಡಿ ಅದರ ಮೇಲೆ ಹೂಡಿದ ಮಗ್ಗ. ನೇಯುವವರು ನೆಲದ ಮೇಲೆ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಅಲ್ಲಿನ ಹಲಗೆ ತುಳಿಯುತ್ತ ನೇಯಬೇಕು. ಅಪ್ಪ ಆ ಕುಣಿಯಿಂದ ಎದ್ದು ಶಾಲಾ ಮಾಸ್ತರನಾದ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಅಪ್ಪನ ಅಕ್ಕ, ನಮ್ಮ ಸಂಗವ್ವತ್ತಿ, ಅದೇ ಕುಣಿಗೆ ಕಾಲಿಳಿಸಿ ಕುಳಿತಳು. ನನಗೆ ಬುದ್ಧಿ ಬಂದಾಗಿನಿಂದ ಅವಳ ಮೊಣಕಾಲ ಕೆಳಗಿನ ಭಾಗವನ್ನು ಹಗಲು ಹೊತ್ತಿನಲ್ಲಿ ನೋಡಿದ್ದೇ ಕಡಿಮೆ.

ಆ ಕುಣಿಗೊಂದು ಗುಟ್ಟಿತ್ತು. ಅದರ ತಳದ ಮೂಲೆಯಲ್ಲಿ ಮುಷ್ಟಿ ಹಿಡಿಸುವಷ್ಟು ದೊಡ್ಡ ಮಣ್ಣಿನ ಕೊಳವೆಯ ಬಾಯಿ. ಮಳೆಗಾಲದಲ್ಲಿ ಕುಣಿಯ ಗೋಡೆಯಿಂದ ಒಸರುವ ನೀರು ಅದರೊಳಗೆ ಹಾದು ಹೊರಗಿನ ಗಟಾರಕ್ಕೆ ಬೀಳುತ್ತಿತ್ತು. ಅದಕ್ಕೆಂದೇ ನಮ್ಮ ಹಿರಿಯರು ಓಣಿಯ ಗಟಾರವನ್ನು ಆಳಕ್ಕೆ ತೋಡಿದ್ದರು. ನಾನು ಸಣ್ಣವನಿದ್ದಾಗ ಒಮ್ಮೆ ನನ್ನ ಹಸಿರು ಗೋಲಿಯೊಂದು ಉರುಳಿ ಆ ಕೊಳವೆಯೊಳಗೆ ಹೋಯಿತು. ನಾನು ಅಳುತ್ತ ಕುಳಿತೆ. ಅತ್ತಿ ನಗುತ್ತ ನನ್ನ ರಟ್ಟೆ ಹಿಡಿದು ಹೊರಗೆ ಕರೆದೊಯ್ದು, ಗಟಾರದ ಪಕ್ಕ ಕೂರಿಸಿದಳು. ಒಳಗೆ ಹೋಗಿ ಒಂದು ಕೊಡ ನೀರು ಸುರಿದಳು. ಗೋಲಿ ಟಣ್ಣೆಂದು ಗಟಾರದ ಕಲ್ಲಿನ ಮೇಲೆ ಬಂದು ಬಿತ್ತು. ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂಬ ಪಾಠವನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಅಲ್ಲಿ.

ದೊಡ್ಡ ಮಳೆಯ ಲಕ್ಷಣ ಕಂಡರೆ ಅತ್ತಿ ಆ ಬಾಯಿಗೆ ಒಂದು ಅರಿವಿ ಉಂಡಿ ಜಡಿಯುತ್ತಿದ್ದಳು. ಅರಿವಿ ಎಂದರೆ ಬಟ್ಟೆ. ಹರಿದ ಸೀರೆಯನ್ನು ಬಿಗಿಯಾಗಿ ಸುತ್ತಿ ದಾರ ಕಟ್ಟಿದ ಉಂಡೆ. ಗಟಾರ ತುಂಬಿದರೂ ನೀರು ಹಿಂದಕ್ಕೆ ನುಗ್ಗಬಾರದೆಂಬ ಮುಂಜಾಗ್ರತೆ. ಗೋಡೆಯ ಗೂಡಿನಲ್ಲಿ ಇಂಥ ಎರಡು ಮೂರು ಉಂಡಿ ಯಾವಾಗಲೂ ಇರುತ್ತಿದ್ದವು. ಹೊರಗೆ ಹೋಗುವಾಗ ಮೋಡ ನೋಡುವುದು, ಉಂಡಿ ಜಡಿಯುವುದು, ಚಿಲಕ ಹಾಕುವುದು, ಇದು ಅವಳ ಕ್ರಮ.

ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ಆ ಓಣಿಗೆ ಕಾಂಕ್ರೀಟಿನ ಹೊಸ ಗಟಾರದ ಕೆಲಸ ಬಂತು, ಅದೂ ನನ್ನ ಕೈಗೆ. ಪ್ರತಿ ಮಳೆಗಾಲ ಅಲ್ಲಿ ರಸ್ತೆಯ ಮೇಲೆ ನೀರು ನಿಲ್ಲುತ್ತಿತ್ತು. ನಾನು ಅಳತೆ ಕೋಲು ಹಿಡಿಸಿಕೊಂಡು ಮನೆ ಮನೆಯ ಹೊಸ್ತಿಲ ಮಟ್ಟ ತೆಗೆಯುತ್ತಿದ್ದರೆ ಅತ್ತಿ ಮಗ್ಗದಿಂದಲೇ ಕೂಗಿದಳು.

"ಏನ್ರೀ ದೊಡ್ಡ ಸಾಹೇಬ್ರ! ಹೊಸ್ತಿಲಾ ಅಳದು ಹೊಂಟ್ರಿ, ಕುಣಿ ಅಳಿಯೋರು ಯಾರು? ಬೂಟು ಬಿಚ್ಚಾಕ ಬ್ಯಾಸರೇನ ಮಲ್ಲ್ಯಾ?"

ಮಗ್ಗದ ಕೋಣೆಗೆ ಚಪ್ಪಲಿ, ಬೂಟು ನಿಷಿದ್ಧ. ಕೆಲಸಗಾರರೆಲ್ಲ ನಕ್ಕರು. ನಾನು ಬೂಟು ಬಿಚ್ಚಿ ಒಳಗಿಳಿದೆ. ಇಳಿದೆ ಎಂದೆನಲ್ಲ, ಅದು ನಿಜವಾಗಿ ಇಳಿಯುವುದೇ. ವರ್ಷ ವರ್ಷ ರಸ್ತೆ ಏರುತ್ತ ಬಂದು, ಈಗ ಹೊಸ್ತಿಲು ದಾಟಿದ ಮೇಲೆ ಒಂದು ಮೆಟ್ಟಿಲು ಕೆಳಗಿದೆ ಅವಳ ನೆಲ. ಓಣಿಯಲ್ಲಿ ಉಳಿದವರೆಲ್ಲ ಕುಣಿ ಮುಚ್ಚಿ, ಕೊಳವೆ ಮುಚ್ಚಿ, ವಿದ್ಯುತ್ ಮಗ್ಗ ಹಾಕಿಕೊಂಡಿದ್ದರು, ಇಲ್ಲವೇ ಬೇರೆ ಕೆಲಸಕ್ಕೆ ಹೋಗಿದ್ದರು. ಕುಣಿ ಉಳಿದಿದ್ದು ಇವಳದೊಂದೇ. ನಾನು ಅದರ ತಳದ ಮಟ್ಟವನ್ನೂ ತೆಗೆದುಕೊಂಡೆ, ಎಂಥ ಮಳೆಗೂ ಗಟಾರದ ನೀರು ಕೊಳವೆಯ ಬಾಯಿಗಿಂತ ಕೆಳಗೇ ಇರುವಂತೆ ಆಳ ಇಟ್ಟು ನಕ್ಷೆ ಬರೆದೆ. ನಕ್ಷೆಯಲ್ಲಿ ಕುಣಿಯ ಹೆಸರು ಮಾತ್ರ ಹಾಕಲಿಲ್ಲ. ಅತ್ತಿಯ ಮನೆಗಾಗಿ ಗಟಾರ ಆಳ ಮಾಡಿದ ಎನ್ನಿಸಿಕೊಳ್ಳುವ ಮನಸ್ಸಿರಲಿಲ್ಲ.

"ನೋಡತ್ತಿ" ಎಂದು ಆ ನಕ್ಷೆಯನ್ನು ಅವಳ ಮಗ್ಗದ ಮೇಲೇ ಹರಡಿದೆ. "ಈ ಗೆರಿ ನಿನ್ನ ಕೊಳವಿ. ಈ ನೀಲಿ ಗೆರಿ ನೀರು. ನೀರು ಎಷ್ಟ ಬಂದ್ರೂ ಕೆಳಗ. ನಿನ್ನ ಕುಣಿಗೆ ಒಂದ ಹನಿ ಬರಂಗಿಲ್ಲ."

ಅವಳಿಗೆ ಓದಲು ಬರುವುದಿಲ್ಲ. ಬೆರಳಿನಿಂದ ನೀಲಿ ಗೆರೆಯನ್ನು ಮುಟ್ಟಿ ನೋಡಿದಳು. "ಕಾಗದದಾಗ ಬರದೈತೆಂದ್ರ ಆತು ಬಿಡು" ಎಂದಳು. ಆ ಕಾಗದ ಆ ದಿನ ನಿಜವೇ ಇತ್ತು.

ಅಗೆತ ಅರ್ಧಕ್ಕೆ ಬಂದಾಗ ಬಂಡೆ ಹತ್ತಿತು. ಒಡೆಯುವುದಕ್ಕೆ ಇನ್ನೂ ಮೂರು ವಾರ ಬೇಕು ಎಂದ ಗುತ್ತಿಗೆದಾರ. ಮಳೆಗಾಲ ತೆರೆಯುವ ಮಿರಗದ ಮಳೆ ಬಾಗಿಲಲ್ಲಿ ನಿಂತಿತ್ತು. ಓಣಿಯನ್ನು ಅಗೆದು ಹಾಗೇ ಬಿಟ್ಟರೆ ಜನ ಬಾಯಿಗೆ ಬಂದಂತೆ ಬೈಯುತ್ತಾರೆ. ಮೇಲಧಿಕಾರಿಗಳು ಬಂದರು, ಬಂಡೆಯನ್ನು ಬೂಟಿನಿಂದ ಒಮ್ಮೆ ತಟ್ಟಿದರು.

"ತಳಾ ಒಂದೂವರಿ ಅಡಿ ಮ್ಯಾಲೆ ತಗೊಂಡ್ರ ಬಂಡಿ ಗೊಡವೀನ ಇಲ್ಲಲ್ರೀ. ಯಾವದರ ಮನಿ ಹೊಸ್ತಿಲಕ್ಕ ನೀರು ಹತ್ತತೈತೇನು?"

"ಇಲ್ರೀ ಸರ್, ಹೊಸ್ತಿಲೆಲ್ಲಾ ಎತ್ತರ ಅದಾವು."

"ಮತ್ತೇನು?"

"ಅಲ್ಲ ಸರ್, ಒಂದ ಮನಿಯೊಳಗ..."

"ಮನಿಯೊಳಗ ಏನು?"

ಅಲ್ಲಿ ಗುತ್ತಿಗೆದಾರನಿದ್ದ, ಓಣಿಯ ನಾಲ್ಕು ಜನರಿದ್ದರು, ಅತ್ತಿಯ ಮಗ್ಗದ ಸಪ್ಪಳ ಕೇಳಿಸುತ್ತಿತ್ತು. ತನ್ನ ಅತ್ತಿಯ ಸಲುವಾಗಿ ಊರಿನ ಕೆಲಸ ಮೂರು ವಾರ ನಿಲ್ಲಿಸಿದ ಎಂದು ಇವರೆಲ್ಲ ಆಡಿಕೊಳ್ಳುವುದು ನನಗೆ ಆಗಲೇ ಕೇಳಿಸಿತು.

"ಏನಿಲ್ರೀ ಸರ್" ಎಂದೆ.

ಇಷ್ಟೇ. ಜೀವಮಾನದಲ್ಲಿ ನಾನು ಎಷ್ಟೋ ಉದ್ದುದ್ದ ವರದಿ ಬರೆದಿದ್ದೇನೆ. ಅವ್ಯಾವುವೂ ಆ ಎರಡು ಮಾತಿನಷ್ಟು ನನ್ನನ್ನು ಕಾಡಿಲ್ಲ. ಹೊಸ ನಕ್ಷೆ ತಯಾರಾಯಿತು, ಅದರಲ್ಲಿ ನೀಲಿ ಗೆರೆ ಕೊಳವೆಯ ಬಾಯಿಗಿಂತ ಮೇಲಿತ್ತು, ಸಹಿ ಮಾಡಿದೆ. ಅದನ್ನು ಅತ್ತಿಗೆ ತೋರಿಸಲಿಲ್ಲ.

ಗೋಡೆ ಕಟ್ಟುವಾಗ ಮೇಸ್ತ್ರಿ ಕೊಳವೆಯ ಬಾಯಿ ನೋಡಿ, "ಸಾಹೇಬ್ರ, ಇದನ್ನ ಸಿಮೆಂಟ್ ಹಾಕಿ ಬಂದ್ ಮಾಡ್ಲೇನ್ರೀ?" ಎಂದು ಕೇಳಿದ. ಅತ್ತಿ ಬಾಗಿಲಿಗೆ ಓಡಿಬಂದಳು. "ಬ್ಯಾಡ್ರೋ ಯಪ್ಪಾ! ಒಸರು ನೀರು ಎಲ್ಲಿ ಹೋಗಬೇಕು? ನಾ ಏನ ನೀರಾಗ ಕಾಲಿಟಗೊಂಡು ನೇಯ್ಲ್ಯಾ?" ಅವಳ ಮಾತೂ ಸರಿಯೇ. ಕೊಳವೆಯ ಹೊರಬಾಯಿಗೆ ಒಂದು ಸಣ್ಣ ತಗಡಿನ ಕದ ಕೂರಿಸಿದ್ದರೆ, ಒಳಗಿನ ನೀರು ಹೊರಗೆ ಹೋಗುತ್ತಿತ್ತು, ಹೊರಗಿನದು ಒಳಗೆ ಬರುತ್ತಿರಲಿಲ್ಲ. ಮುಂದಿನ ವಾರ ಮಾಡಿಸಿದರಾಯಿತು ಎಂದುಕೊಂಡೆ. ಮುಂದಿನ ವಾರ ಲಕ್ಷ್ಮೇಶ್ವರದಲ್ಲಿ ಬೇರೆ ಕೆಲಸ ಬಂತು, ಅದರ ಮುಂದಿನ ವಾರ ಶಿರಹಟ್ಟಿಯಲ್ಲಿ. ಕದ ನನ್ನ ತಲೆಯಲ್ಲೇ ಉಳಿಯಿತು.

ಮಿರಗದ ಮಳೆಗೆ ಗಟಾರ ಚೆಂದವಾಗಿ ಹರಿಯಿತು. ರಸ್ತೆ ಒಣಗಿಯೇ ಇತ್ತು. ಓಣಿಯವರು ನನ್ನನ್ನು ಕಂಡಲ್ಲೆಲ್ಲ ಚಹಾಕ್ಕೆ ಕರೆದರು. ಅತ್ತಿಯಂತೂ ಹೋದವರಿಗೆ ಬಂದವರಿಗೆ, "ನಮ್ಮ ಮಲ್ಲ್ಯಾ ಕಟ್ಟಸ್ಯಾನ ನೋಡ್ರಿ, ನಮ್ಮ ತಮ್ಮನ ಮಗ" ಎಂದು ಹೇಳಿದ್ದೇ ಹೇಳಿದ್ದು. ನನ್ನ ಮುಖ ಇಷ್ಟಗಲವಾಗುತ್ತಿತ್ತು. ಥೂ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಶ್ರಾವಣದ ಹೊತ್ತಿಗೆ ನನ್ನ ಬಸುರಿ ಮಗಳಿಗೆ ಐದು ತಿಂಗಳು ನಡೆದಿತ್ತು. ಕುಬಸದ ಮಾತು ಎದ್ದಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಆರತಿ ಎತ್ತಿ, ಉಡಿ ತುಂಬುವ ಕಾರ್ಯ ಅದು. ನಾನು ಅಂಗಡಿಯ ಹೆಸರು ಹೇಳುವುದರೊಳಗೆ ಅತ್ತಿ ರೇಗಿದಳು.

"ಅಂಗಡಿ ಸೀರಿ ಉಡಸ್ತಿಯೇನಲೇ? ನಾ ಜೀವಂತ ಅದೇನಿ. ನನಗ ಆರತಿ ಹಿಡಿಯೋ ಭಾಗ್ಯ ಇಲ್ಲ, ಮುತ್ತೈದೇರ ನಡುವ ನಿಂದ್ರಾಕ ಬರಂಗಿಲ್ಲ. ಆದ್ರ ಆಕಿ ಮೈಮ್ಯಾಲ ನನ್ನ ಕೈ ಸೀರಿ ಇದ್ರ ನಾನೂ ಅಲ್ಲೇ ನಿಂತಂಗ."

ಮಗ್ಗಕ್ಕೆ ಹಸಿರು ನೂಲಿನ ಹಾಸು ಹೂಡಿದಳು. ಕೆಂಪು ದಡಿ ಕೊಟ್ಟಳು. ಸೆರಗು ಮೊದಲ್ಗೊಂಡು ದಿನವೂ ಒಂದಿಷ್ಟು ನೇಯ್ದು, ನಾನು ಹೋದಾಗ ಬೆರಳಿನಿಂದ ಅಳೆದು ತೋರಿಸುತ್ತಿದ್ದಳು. ಅವಳ ಕಣ್ಣು ಮಂಜಾಗಿತ್ತು, ಮಂಡಿ ನೋಯುತ್ತಿತ್ತು. ಅದರ ಖಬರೇ ಇರಲಿಲ್ಲ ಅವಳಿಗೆ. ಕುಬಸಕ್ಕೆ ಹನ್ನೆರಡು ದಿನ ಉಳಿದಾಗ ಸೀರೆ ಮುಗಿಯಲು ಒಂದು ಮೊಳ ಬಾಕಿ ಇತ್ತು.

ಆ ದಿನ ಮಗಳು ಗಂಡನ ಊರಿಂದ ಬಂದಿದ್ದಳು. ಗದಗಿನ ನಮ್ಮ ಮನೆಗೆ ಊಟಕ್ಕೆ ಬಾ ಎಂದು ಅತ್ತಿಯನ್ನು ನಾನೇ ಕರೆಸಿದ್ದೆ. ಹೋಳಿಗೆ ಬಡಿಸುತ್ತಿರುವಾಗ ಉತ್ತರಿ ಮಳೆ ಹಿಡಿಯಿತು. ಮಧ್ಯಾಹ್ನವೇ ಕತ್ತಲಾದಂತೆ ಆಗಿ ಎರಡು ತಾಸು ಬಿಡದೆ ಸುರಿಯಿತು. ನಾನು ಅರ್ಧ ಊಟಕ್ಕೇ ಎದ್ದು, ಗಟಾರ ಹೇಗೆ ಹರಿಯುತ್ತಿದೆ ನೋಡೋಣವೆಂದು ಬೆಟಗೇರಿಗೆ ಓಡಿದೆ. ಖರೆ ಹೇಳುತ್ತೇನೆ, ಚಿಂತೆಯಿಂದ ಓಡಿದ್ದಲ್ಲ, ಹೆಮ್ಮೆಯಿಂದ ಓಡಿದ್ದು. ನೀರು ಅಂಚಿನವರೆಗೂ ತುಂಬಿ ಭರ್ರೆಂದು ಹೋಗುತ್ತಿತ್ತು, ರಸ್ತೆಯ ಮೇಲೆ ಒಂದು ಹನಿ ಇರಲಿಲ್ಲ. ಮೊಬೈಲ್ ತೆಗೆದು ಫೋಟೊ ಹೊಡೆದುಕೊಂಡೆ. ಆ ಫೋಟೊದ ಮೂಲೆಯಲ್ಲಿ ಅತ್ತಿಯ ಬಾಗಿಲು ಇದೆ. ಹೊಸ್ತಿಲು ಒಣಗಿದೆ.

ಆಗ ಹೊಳೆಯಿತು. ಚಿಲಕ ತೆಗೆದು ಮೆಟ್ಟಿಲಿಳಿದೆ. ಕಾಲು ನೀರಿನೊಳಗೆ ಇಳಿಯಿತು.

ಕುಣಿ ಎಲ್ಲಿ, ನೆಲ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಗಟಾರದ ಕಪ್ಪು ನೀರು ಕುಣಿ ತುಂಬಿ ನೆಲದ ಮೇಲೆ ಹರಡಿತ್ತು. ಸೀರೆ ಅದರಲ್ಲಿ ಮುಳುಗಿತ್ತು, ಹಸಿರು ಬಣ್ಣ ಬಿಟ್ಟುಕೊಂಡಿತ್ತು. ಎಳೆಗಳು ಸಡಿಲಾಗಿ ಕಸ ಕಡ್ಡಿ ಸಿಕ್ಕಿಹಾಕಿಕೊಂಡಿದ್ದವು. ಮಗ್ಗದ ಪಕ್ಕದಲ್ಲಿ, ನೀರಿನ ಮೇಲೆ, ಒಂದು ಅರಿವಿ ಉಂಡಿ ತೇಲುತ್ತಿತ್ತು.

ಅತ್ತಿ ಮರೆತಿರಲಿಲ್ಲ. ಊಟಕ್ಕೆ ಹೊರಡುವ ಮುಂಚೆ ಮೋಡ ನೋಡಿ ಉಂಡಿ ಜಡಿದೇ ಬಂದಿದ್ದಳು. ನಾನು ಮೇಲೆತ್ತಿದ ಗಟಾರದ ನೀರಿನ ಒತ್ತಡ ಅದನ್ನು ಕಿತ್ತು ಒಗೆದಿತ್ತು.

ನಾನು ಉಂಡಿಯನ್ನು ಎತ್ತಿಕೊಂಡೆ. ನೆಂದು ಭಾರವಾಗಿತ್ತು. ಮುಂದೆ ಮಾಡಿದ್ದನ್ನು ಹೇಗೆ ಬರೆಯಲಿ? ಯೋಚಿಸಿ ಮಾಡಿದೆನೆಂದರೂ ಸುಳ್ಳು, ಯೋಚಿಸದೆ ಮಾಡಿದೆನೆಂದರೂ ಸುಳ್ಳು. ಈ ಉಂಡಿಯನ್ನು ನೋಡಿದ ಯಾರಿಗಾದರೂ ಕೊಳವೆ ನೆನಪಾಗುತ್ತದೆ, ಕೊಳವೆಯಿಂದ ಗಟಾರದ ಮಟ್ಟ, ಮಟ್ಟದಿಂದ ನನ್ನ ಸಹಿ. ಹೊರಗೆ ಬಂದು ಅದನ್ನು ಗಟಾರಕ್ಕೆ ಬಿಟ್ಟೆ. ನಾನು ಕಟ್ಟಿಸಿದ ಗಟಾರ ಅದನ್ನು ಎಲ್ಲಿಯೂ ತಡೆಯದೆ ಹೊತ್ತುಕೊಂಡು ಹೋಯಿತು.

ಸ್ವಲ್ಪ ಹೊತ್ತಿಗೆ ಅತ್ತಿ ನನ್ನ ಹೆಂಡತಿಯ ಜೊತೆ ಆಟೋದಲ್ಲಿ ಬಂದಳು. ಮೆಟ್ಟಿಲ ಮೇಲೆ ನಿಂತು ಒಳಗೆ ನೋಡಿದಳು. ಸೀರೆಯನ್ನು ಎತ್ತಿ ಕಸ ಹೆಕ್ಕಲು ಶುರು ಮಾಡಿದಳು. ಆಮೇಲೆ ನೀರಿಗೆ ಕೈ ಹಾಕಿ ಕುಣಿಯ ಮೂಲೆಯನ್ನು ತಡಕಿದಳು. ಕೊಳವೆಯ ಬಾಯಿ ಬರಿದಾಗಿತ್ತು. ತಿರುಗಿ ಗೂಡಿನ ಕಡೆ ನೋಡಿದಳು. ಅಲ್ಲಿ ಎರಡು ಉಂಡಿ ಒಣಗಿದ್ದು ಒಣಗಿದಂತೆಯೇ ಕುಳಿತಿದ್ದವು. ಎರಡಿದ್ದವೋ ಮೂರಿದ್ದವೋ ಅವಳಿಗೇ ನೆನಪಿಲ್ಲ.

"ಅಯ್ಯ ನನ್ನ ಶಿವನ! ನಾ ಉಂಡಿ ಜಡದ ಇಲ್ಲ!" ಎಂದು ಹಣೆ ಬಡಿದುಕೊಂಡಳು. "ಮೊಮ್ಮಗಳನ್ನ ನೋಡೋ ಖುಷ್ಯಾಗ ಮರತನಲ್ಲೋ ಮಲ್ಲ್ಯಾ. ಜಡದೀನಿ ಅಂತ ಅನಸ್ತಿತ್ತು... ಎಲ್ಲಿ ಜಡದೇನಿ, ಇಲ್ಲೇ ಕುಂತಾವಲ್ಲ. ನನ್ನ ಕೈಯಾರ ಕೂಸಿನ ಸೀರಿ ಕೊಂದೆ."

"ಇರಲಿ ಬಿಡತ್ತಿ, ವಯಸ್ಸಾತು, ಮರವು ಆಗತೈತಿ" ಎಂದೆ.

ಹೌದು, ನಾನೇ ಅಂದೆ. ಈ ಬಾಯಿಂದಲೇ.

ಕುಬಸಕ್ಕೆ ಅಂಗಡಿಯ ಸೀರೆ ಬಂತು. ಅತ್ತಿ ಬಂದು ಅಡುಗೆಮನೆಯ ಬಾಗಿಲಲ್ಲಿ ಕುಳಿತವಳು ಹೊರಗೆ ಬರಲೇ ಇಲ್ಲ. ಮಗಳು ಹೋಗಿ ಅವಳ ಕಾಲಿಗೆ ಬಿದ್ದಳು, "ಸೀರಿ ಹೋದ್ರ ಹೋಗ್ಲೇಳ ಅಜ್ಜಿ" ಎಂದಳು. ಅತ್ತಿ ಅವಳ ಗಲ್ಲ ಹಿಡಿದು, "ನನ್ನ ತೆಲಿ ಮೊದಲಿನಂಗ ಉಳಿದಿಲ್ಲವಾ" ಎಂದು ಅತ್ತಳು. ಅಂದಿನಿಂದ ಅವಳಿಗೆ ತನ್ನ ಮೇಲೇ ನಂಬಿಕೆ ಹೋಯಿತು. ಒಲೆ ಆರಿಸಿದೆನೋ ಇಲ್ಲವೋ ಎಂದು ಎರಡೆರಡು ಸಲ ನೋಡುವುದು, ಚಿಲಕ ಹಾಕಿ ಓಣಿಯ ತುದಿಯಿಂದ ಹಿಂತಿರುಗಿ ಬಂದು ಮುಟ್ಟುವುದು. ಮತ್ತೆ ಹಾಸು ಹೂಡು ಎಂದು ಎದುರು ಮನೆಯವರು ಹೇಳಿದರೆ, "ಮರಿಯೋ ಕೈಯಾಗ ಮಗ್ಗ ಬ್ಯಾಡ" ಎಂದುಬಿಟ್ಟಳು.

ಕುಣಿ ಮುಚ್ಚಿಸಿದ್ದು ನಾನು. ಕೆಲಸದ ಜಾಗದಿಂದ ಮುರುಮು ಮಣ್ಣು ತರಿಸಿ, ಬಡಿಸಿ, ಮೇಲೆ ಕಡಪಾ ಕಲ್ಲು ಹಾಸಿಸಿದೆ. ಅತ್ತಿಗೆ ಓಡಾಡಲು ಅನುಕೂಲವಾಗಲಿ ಎಂದು ಎಲ್ಲರಿಗೂ ಹೇಳಿದೆ, ಎಲ್ಲರೂ ನನ್ನನ್ನು ಹೊಗಳಿದರು. ಕೊಳವೆಯ ಬಾಯಿ ಮುರುಮಿನಡಿ ಹೋಗುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಆ ವರ್ಷದ ಮಳೆಗಾಲ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು. ಮುಂದಿನ ಬೇಸಿಗೆಗೆ ಮುಂಡರಗಿಗೆ ವರ್ಗವಾಯಿತು. ಅತ್ತಿಯ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ.

ಮೊನ್ನೆ ಜೀಪಿನಿಂದ ಇಳಿದಾಗ ಅವಳು ಮನೆಯ ಮುಂದೆ ಗಟಾರದ ಅಂಚಿನ ಮೇಲೆ ಕುಳಿತಿದ್ದಳು. ಒಣಗಿದ ಗಟಾರದೊಳಗೆ ಕಾಲು ಇಳಿಬಿಟ್ಟಿದ್ದಳು.

"ಇಲ್ಯಾಕ ಕುಂತಿ ಅತ್ತಿ?"

"ಚಕ್ಕಳಮಕ್ಕಳ ಹಾಕಾಕ ಮಂಡಿ ಮಡಚಂಗಿಲ್ಲಪಾ. ಇದರಾಗ ಕಾಲು ಬಿಟ್ರ ಮಗ್ಗದಾಗ ಕುಂತಂಗ ಹಿತ ಅನಸತೈತಿ. ನೀ ಕಟ್ಟಿಸಿದ್ದು ಛಲೋ ಕೆಲಸಕ್ಕ ಬಂತು ನೋಡು."

ನಾನು ಅವಳ ಪಕ್ಕದಲ್ಲಿ ಕುಳಿತೆ. ಹೇಳಿದೆ. ಬಂಡೆಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಹೊಸ ನಕ್ಷೆ, ಹಾಕಿಸದ ತಗಡಿನ ಕದ, ನೀರಿನ ಮೇಲೆ ತೇಲುತ್ತಿದ್ದ ಉಂಡಿ, ಅದನ್ನು ಇದೇ ಗಟಾರಕ್ಕೆ ಬಿಟ್ಟದ್ದು. "ನೀ ಮರತಿರಲಿಲ್ಲ ಅತ್ತಿ. ಉಂಡಿ ಜಡದಿದ್ದಿ. ತಪ್ಪು ನಂದು" ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟಳು.

"ಯಾಕ ಮಲ್ಲ್ಯಾ, ನನ್ನ ಸಲುವಾಗಿ ಸುಳ್ಳ ಹೇಳಾಕ ಮುಂಡರಗಿಯಿಂದ ಬಂದಿಯೇನು? ಮುದುಕಿ ಕೊರಗಾಕತ್ತೈತಿ ಅಂತ ನಿನ್ನ ಹೆಂಡ್ತಿ ಹೇಳಿರಬೇಕು."

"ಸುಳ್ಳಲ್ಲತ್ತಿ, ನಿನ್ನ ಆಣಿ."

"ಹುಚ್ಚ, ನನಗ ತಿಳಿಯಂಗಿಲ್ಲೇನು? ಮಗ್ಗದ ಮ್ಯಾಲ ಕಾಗದಾ ಹರವಿ ನೀನ ತೋರಿಸಿದ್ಯಲ್ಲ, ನೀಲಿ ಗೆರಿ ಕೆಳಗ, ಒಂದ ಹನಿ ಬರಂಗಿಲ್ಲಂತ. ನಾ ಈ ಬೆರಳಿಲೆ ಮುಟ್ಟಿ ನೋಡೇನಿ. ಕಾಗದ ಸುಳ್ಳ ಹೇಳತೈತೇನು? ಉಂಡಿ ಇಲ್ದಕ್ಕ ನೀರು ಬಂತು, ಮರತಾಕಿ ನಾನ ಅದೇನಿ." ಎದುರು ಮನೆಯ ಬಾಗಿಲಲ್ಲಿ ನಿಂತಿದ್ದವಳಿಗೆ ಕೂಗಿ ಹೇಳಿದಳು, "ನೋಡವಾ, ನಮ್ಮ ಮಲ್ಲ್ಯಾ ನನ್ನ ತಪ್ಪು ತನ್ನ ತೆಲಿಮ್ಯಾಲ ಹಾಕ್ಕೊಳ್ಳಾಕ ಬಂದಾನ. ಅವರಪ್ಪನಂಗ, ದೊಡ್ಡ ಮನಸು."

ಆ ಹೆಂಗಸು ನನ್ನನ್ನು ನೋಡಿ ಮೆಚ್ಚುಗೆಯಿಂದ ನಕ್ಕಳು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ದಪ್ಪ ದಪ್ಪ ಹನಿ ಬಿದ್ದವು. ಅತ್ತಿ ಲಗುಬಗೆಯಿಂದ ನನ್ನ ಹೆಗಲು ಹಿಡಿದು ಎದ್ದಳು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಗೂಡಿನಿಂದ ಅರಿವಿ ಉಂಡಿ ತೆಗೆದು, ಮೊದಲು ಕುಣಿಯಿದ್ದ ಮೂಲೆಗೆ ಹೋಗಿ, ನೋಯುವ ಮಂಡಿಯನ್ನು ಬಗ್ಗಿಸಿ ಕಡಪಾ ಕಲ್ಲಿನ ಮೇಲೆ ಅದನ್ನು ಒತ್ತಿ ಇಟ್ಟಳು. ಕೆಳಗೆ ಕುಣಿಯೂ ಇರಲಿಲ್ಲ, ಕೊಳವೆಯೂ ಇರಲಿಲ್ಲ.

"ಅತ್ತಿ, ಇದನ್ನ ಯಾಕ..."

"ಮಳಿ ಬಂದಾಗೊಮ್ಮೆ ಇಡ್ತೀನಪಾ" ಎಂದಳು. "ಆವತ್ತಿನಿಂದ ಒಂದ ಸಲಾನೂ ಮರತಿಲ್ಲ ನೋಡು."